‘ಹಳದಿಗೆ ಏನು ಹೊಡೀಬೇಕು?’: ಪ್ರಶ್ನೆ ಕೇಳುವವರಿಗೊಂದು ನಮೂನೆ

‘ಅಡಿಕೆ ಮರ ಹಳದಿಯಾಗಿದೆ, ಏನು ಹೊಡೀಬೇಕು?’ ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿಗೆ ಹೊಸದಾಗಿ ಸೇರಿದವರ ಪ್ರಶ್ನೆ ಸಾಮಾನ್ಯವಾಗಿ ಇಷ್ಟೇ, ಜೊತೆಗೊಂದು ಮಸುಕು ಫೋಟೊ. ಸಾರಜನಕ ಸಾಲದಿದ್ದರೂ ಸೋಗೆ ಹಳದಿ, ಬುಡದಲ್ಲಿ ನೀರು ನಿಂತರೂ ಹಳದಿ, ಹಳದಿ ಎಲೆ ರೋಗ ಬಂದರೂ ಹಳದಿ. ಬಲ್ಲವರು ನಾಲ್ಕು ಮರುಪ್ರಶ್ನೆ ಹಾಕುವಷ್ಟರಲ್ಲಿ ಕೇಳಿದವರು ಅಂಗಡಿಯಲ್ಲಿ ಕೊಟ್ಟದ್ದನ್ನು ತಂದು ಹೊಡೆದಿರುತ್ತಾರೆ. ಪ್ರಶ್ನೆಗೊಂದು ನಮೂನೆ ಇದ್ದರೆ ಈ ಸುತ್ತು ತಪ್ಪುತ್ತದೆ.

ನಮೂನೆಯನ್ನು ಊಹಿಸಿ ಬರೆಯಬೇಡಿ. ಗುಂಪಿನ ಹಳೆಯ 50 ಪ್ರಶ್ನೆಗಳನ್ನು ತೆಗೆದು, ಪ್ರತಿಯೊಂದಕ್ಕೂ ಬಂದ ಮೊದಲ ಮರುಪ್ರಶ್ನೆಯನ್ನಷ್ಟೇ ಬರೆದುಕೊಳ್ಳಿ. ಮತ್ತೆ ಮತ್ತೆ ಬಂದವೇ ನಿಮ್ಮ ಸಾಲುಗಳು. ಆರೇಳಕ್ಕೆ ನಿಲ್ಲಿಸಿ. ಉತ್ತರ ಏನೇ ಬಂದರೂ ಸಲಹೆ ಬದಲಾಗದು ಎಂಬಂಥ ಸಾಲನ್ನು ಹೊಡೆದುಹಾಕಿ. ಸರ್ವೆ ನಂಬರು ಕೇಳಲು ಇದೇನು ಸಾಲದ ಅರ್ಜಿಯಲ್ಲ.

ಮುಖ್ಯವಾದದ್ದು ಮುಂದಿನ ಹೆಜ್ಜೆ. ರೋಗದ ಹೆಸರು ಕೇಳಬೇಡಿ, ಕಣ್ಣಿಗೆ ಕಂಡದ್ದನ್ನು ಕೇಳಿ. ‘ಯಾವ ರೋಗ?’ ಎಂಬ ಸಾಲಿಟ್ಟರೆ ಹೊಸಬರು ‘ಕೊಳೆ’ (ಕಾಯಿ ಕೊಳೆತು ಉದುರುವ ರೋಗ) ಎಂದು ತುಂಬುತ್ತಾರೆ, ಓದುವವರೂ ಅದೇ ದಾರಿ ಹಿಡಿಯುತ್ತಾರೆ. ಅದರ ಬದಲು ‘ಉದುರಿದ ಕಾಯಿಯ ಮೇಲೆ ನೀರಲ್ಲಿ ನೆನೆದಂಥ ಕಲೆ ಇದೆಯೇ, ಬಿಳಿ ಬೂಷ್ಟು ಇದೆಯೇ’ ಎಂದು ಕೇಳಿದರೆ ಕೊಳೆಯೋ ಅಲ್ಲವೋ ಎಂಬುದು ಅಲ್ಲೇ ಅರ್ಧ ತಿಳಿಯುತ್ತದೆ. ಹಳದಿಯ ಪ್ರಶ್ನೆಗೆ ನಮೂನೆ ಹೀಗಿರಬಹುದು:

ತಾಲ್ಲೂಕು, ತೋಟದ ವಯಸ್ಸು:
ಹಳದಿ ಎಲ್ಲಿ (ಕೆಳಗಿನ ಸೋಗೆ / ನಡುವೆ / ಸುಳಿ):
ಮೊದಲು ಕಂಡದ್ದು ಯಾವ ತಿಂಗಳು, ಈಗ ಎಷ್ಟು ಮರ:
ಬಸಿಗಾಲುವೆ ಎಷ್ಟು ಅಡಿ ಆಳ:
ಕಾಯಿ ಒಡೆದಾಗ ತಿರುಳು (ಸರಿ ಇದೆ / ಕಪ್ಪಾಗಿದೆ / ನೋಡಿಲ್ಲ):
ಕೊಟ್ಟ ಗೊಬ್ಬರ, ಹೊಡೆದ ಔಷಧಿ, ಅಳತೆ, ದಿನ:

ಒಂದೊಂದು ಸಾಲಿಗೂ ಕಾರಣವಿದೆ. ಸಾರಜನಕದ ಕೊರತೆ ಮೊದಲು ಕೆಳಗಿನ ಹಳೆಯ ಸೋಗೆಯಲ್ಲಿ ಕಾಣುತ್ತದೆ, ಕಬ್ಬಿಣದ ಕೊರತೆ ಎಳೆಯದರಲ್ಲಿ. ತಿರುಳು ಕಪ್ಪಾಗಿ ಮೆತ್ತಗಾಗಿದ್ದರೆ ಹಳದಿ ಎಲೆ ರೋಗದ ಅನುಮಾನ ಬಲವಾಗುತ್ತದೆ. ‘ನೋಡಿಲ್ಲ’ ಎಂಬ ಆಯ್ಕೆ ಇರಲೇಬೇಕು. ಇಲ್ಲದಿದ್ದರೆ ನೋಡದೆಯೇ ‘ಸರಿ ಇದೆ’ ಎಂದು ಬರೆಯುತ್ತಾರೆ. ಅಳತೆಯ ಸಾಲಿನಲ್ಲಿ ‘ಬೋರ್ಡೋ ಹೊಡೆದಿದ್ದೇವೆ’ ಎಂಬುದಷ್ಟೇ ಸಾಲದು. ಶೇ 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ ಮೈಲುತುತ್ತು 1 ಕೆ.ಜಿ., ಸುಣ್ಣ 1 ಕೆ.ಜಿ. ಸಲಹೆ ಕೊಡುವವರಿಗೆ ಬೇಕಾದದ್ದು ಇಂಥ ಲೆಕ್ಕ.

ಫೋಟೊ ಮೂರು ಸಾಕು: ಇಡೀ ಮರ, ಕೆಟ್ಟ ಭಾಗ, ಅದೇ ಭಾಗ ಹತ್ತಿರದಿಂದ. ಮೂರನೆಯದರಲ್ಲಿ ಪಕ್ಕಕ್ಕೊಂದು ಬೆಂಕಿಕಡ್ಡಿ ಇಡಲು ಹೇಳಿ, ಕಲೆಯ ಗಾತ್ರ ತಿಳಿಯುತ್ತದೆ. ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳಿಸುವುದರಿಂದ ಸಣ್ಣ ಚುಕ್ಕೆಗಳು ಕಲಸಿಹೋಗುತ್ತವೆ; ಎಚ್‌ಡಿ ಆರಿಸಿ ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಒಂದು ಸಾಲು ಸೇರಿಸಿ.

ಇನ್ನು ಅಕ್ಷರದ ವಿಷಯ. ಖಾಲಿ ಜಾಗಕ್ಕೆ ಅಡಿಗೆರೆ ಎಳೆಯಬೇಡಿ: ಮೊಬೈಲಿನಲ್ಲಿ ಅದನ್ನು ಅಳಿಸುವುದು ಕಷ್ಟ, ಮೇಲಾಗಿ ಎರಡು ಅಡಿಗೆರೆಗಳ ನಡುವಿನ ಪದವನ್ನು ವಾಟ್ಸ್ಆ್ಯಪ್ ಓರೆ ಅಕ್ಷರ ಮಾಡಿಬಿಡುತ್ತದೆ. ಸಾಲಿನ ಕೊನೆಗೆ ಎರಡು ಚುಕ್ಕಿ ಇಟ್ಟರೆ ಸಾಕು. ತುಂಬಿದ ಮಾದರಿಯೊಂದನ್ನು ಕೊಡುವುದಾದರೆ ಬೇರೆ ಮೆಸೇಜಿನಲ್ಲಿ ಕೊಡಿ. ಒಟ್ಟಿಗೇ ಇಟ್ಟರೆ ನಿಮ್ಮ ಉದಾಹರಣೆಯ ತಾಲ್ಲೂಕೇ ಅವರ ತಾಲ್ಲೂಕಾಗಿ ವಾಪಸ್ ಬರುತ್ತದೆ. ಟೈಪಿಸಲು ಬಾರದವರು ಇದೇ ಸಾಲುಗಳನ್ನು ನೋಡಿಕೊಂಡು ವಾಯ್ಸ್ ಮೆಸೇಜ್ ಹಾಕಲಿ.

ಗುಂಪಿಗೆ ಬಿಡುವ ಮೊದಲು ಮೂವರ ಕೈಗೆ ಕೊಟ್ಟು, ವಿವರಣೆ ಕೊಡದೆ ತುಂಬಿಸಿ ನೋಡಿ. ಮೂವರೂ ಒಂದೇ ಕಡೆ ತಡವರಿಸಿದರೆ ತಪ್ಪು ಆ ಸಾಲಿನದು. ಎಷ್ಟೋ ಬಾರಿ ಪದವೇ ತೊಡಕು: ‘ಬಸಿಗಾಲುವೆ’ ತಿಳಿಯದ ಕಡೆ ಕಣಿ, ಕಾದಿಗೆ ಎಂದು ಅಲ್ಲಿಯ ಮಾತನ್ನೇ ಹಾಕಿ.