ಹುಣಸೆಬೀಜ ಎಣಿಸಿದ ಮೇಲೆ

ನಾನು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಹದಿನಾರು ವರ್ಷ ಆಯಿತು. ನಮ್ಮ ಕಡೆ ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಬಸ್ಸಿನಲ್ಲಿ ಎರಡೂ. ನಮ್ಮ ಮನೆಯಲ್ಲೂ ತೆಲುಗೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

‘ನನಗೆ ಎಲ್ಲಾ ಮಕ್ಕಳೂ ಒಂದೇ’ ಅಂತ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮೀಟಿಂಗಿನಲ್ಲಿ, ಸೂಪರ್‌ವೈಸರ್ ಬಂದಾಗ, ತಾಯಂದಿರ ಎದುರಿಗೆ. ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಯಾರ ಮಗುವಿಗೂ ಊಟ ಕಡಿಮೆ ಹಾಕಿದವಳಲ್ಲ. ಮೊಟ್ಟೆ ಎಲ್ಲರಿಗೂ ಒಂದೊಂದು. ಕೂರಿಸುವುದು ಒಂದೇ ಚಾಪೆ ಮೇಲೆ. ಇನ್ನೇನು ಬೇಕು, ಅಲ್ವಾ?

ಒಂದು ತರಬೇತಿಯಲ್ಲಿ ಮೇಡಂ ಒಬ್ಬರು ಅಮೆರಿಕದ ಒಂದು ಅಧ್ಯಯನದ ಬಗ್ಗೆ ಹೇಳಿದರು. 2016ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಪುಟ್ಟ ಮಕ್ಕಳ ಟೀಚರ್‌ಗಳಿಗೆ ವಿಡಿಯೋ ತೋರಿಸಿ, ‘ಯಾವ ಮಗು ತಂಟೆ ಮಾಡುತ್ತದೋ ಗಮನಿಸಿ’ ಅಂದರಂತೆ. ವಿಡಿಯೋದಲ್ಲಿ ಕಪ್ಪು ಮಕ್ಕಳೂ ಇದ್ದರು, ಬಿಳಿ ಮಕ್ಕಳೂ ಇದ್ದರು, ಹುಡುಗರು ಹುಡುಗಿಯರು ಇಬ್ಬರೂ. ಅಸಲಿಗೆ ಯಾವ ಮಗುವೂ ತಂಟೆ ಮಾಡುತ್ತಿರಲಿಲ್ಲ. ಆದರೂ ಟೀಚರ್‌ಗಳ ಕಣ್ಣು ಜಾಸ್ತಿ ಹೊತ್ತು ನಿಂತಿದ್ದು ಕಪ್ಪು ಹುಡುಗರ ಮೇಲೆ. ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ಅಳೆಯುವ ಯಂತ್ರ ಇತ್ತಂತೆ. ನೋಡಿದವರಲ್ಲಿ ಕಪ್ಪು ಜನಾಂಗದ ಟೀಚರ್‌ಗಳೂ ಇದ್ದರು.

ಅದು ಅಮೆರಿಕದ ಕಥೆ, ನಮ್ಮಲ್ಲಿ ಅಂಥದ್ದೇನಿಲ್ಲ ಅಂದುಕೊಂಡು ಬಸ್ ಹತ್ತಿದೆ. ಆದರೆ ತಮ್ಮವರನ್ನೇ ಹಾಗೆ ನೋಡಿದರಲ್ಲ ಅನ್ನೋದು ಮಾತ್ರ ತಲೆಯಲ್ಲಿ ಉಳಿಯಿತು.

ನಮ್ಮ ಸಹಾಯಕಿ ನನಗಿಂತ ಹಿರಿಯರು, ಅಕ್ಕ ಅಂತಲೇ ಕರೆಯುತ್ತೇನೆ. ಬಾಯಿ ಸ್ವಲ್ಪ ಜೋರು, ಲೆಕ್ಕದಲ್ಲಿ ಪಕ್ಕಾ. ಅವರಿಗೆ ಈ ಕಥೆ ಹೇಳಿದರೆ, ‘ಅದಕ್ಕೆ ಮಿಷಿನ್ ಯಾಕೆ ಟೀಚರಮ್ಮ, ನಾನೇ ನೋಡ್ತೀನಿ’ ಅಂದರು. ನಮ್ಮಲ್ಲಿ ಪ್ರತಿ ಮಗುವಿಗೂ ಒಂದು ಸ್ಟೀಲ್ ಲೋಟ ಇದೆ. ಗಿಳಿ, ಆನೆ, ಬಸ್ಸು, ಬಾಳೆಹಣ್ಣು ಹೀಗೆ ಒಂದೊಂದಕ್ಕೂ ಒಂದು ಚಿತ್ರ ಅಂಟಿಸಿದ್ದೇವೆ. ಅಡಿಗೆ ಮುಗಿದ ಮೇಲೆ, ಹನ್ನೊಂದರಿಂದ ಊಟದವರೆಗೆ, ಅಕ್ಕ ಮೂಲೆಯಲ್ಲಿ ಮೊರ ಇಟ್ಟುಕೊಂಡು ಕೂರುವುದು. ನಾನು ಯಾವ ಮಗುವನ್ನು ಹೆಸರು ಹಿಡಿದು ಮಾತಾಡಿಸಿದರೂ ಆ ಮಗುವಿನ ಲೋಟಕ್ಕೆ ಒಂದು ಹುಣಸೆಬೀಜ. ಒಂದು ವಾರ ಹೀಗೆ.

ಮೊದಲ ಎರಡು ದಿನದ್ದು ಲೆಕ್ಕಕ್ಕಿಲ್ಲ. ಅಕ್ಕ ನೋಡುತ್ತಿದ್ದಾರೆ ಅನ್ನೋದು ನೆನಪಿದ್ದು ಎಲ್ಲರ ಹೆಸರೂ ಬಾಯಿಪಾಠ ಮಾಡಿದ ಹಾಗೆ ಕೂಗುತ್ತಿದ್ದೆ. ಮೂರನೇ ದಿನ ಮರೆತೆ.

ಶನಿವಾರ ಲೋಟಗಳನ್ನು ಸಾಲಾಗಿ ಇಟ್ಟೆವು. ಇಪ್ಪತ್ಮೂರು ಲೋಟ. ಗಿಳಿ ಚಿತ್ರದ ಲೋಟ ನಮ್ಮ ಬೀದಿಯ ಹುಡುಗಿಯದು. ಅದರಲ್ಲಿ ನಲವತ್ತೊಂದು ಬೀಜ. ಅವಳ ಪಕ್ಕದವನದು ಮೂವತ್ತು ಚಿಲ್ಲರೆ. ಕಾಲೊನಿಯಿಂದ ಬರುವ ಮಕ್ಕಳು ಎಂಟು. ಎಂಟು ಲೋಟದಲ್ಲಿ ಒಂದರಲ್ಲೂ ಹದಿನೈದು ದಾಟಿರಲಿಲ್ಲ. ಬಾಗಿಲ ಹತ್ತಿರ ಕೂರುವ ಒಂದು ಹುಡುಗಿ ಇದ್ದಳು, ಬಾಳೆಹಣ್ಣಿನ ಲೋಟ. ಅದರಲ್ಲಿ ನಾಲ್ಕು.

‘ಆ ನಾಲ್ಕರಲ್ಲಿ ಮೂರು “ಈ ಕಡೆ ಸರಿ” ಅಂದಿದ್ದು,’ ಅಂದರು ಅಕ್ಕ. ಅವರ ಬಾಯಿ ಜೋರು ಅಂದೆನಲ್ಲ.

ಕಾಲೊನಿ ಅಂದರೆ ದಲಿತರ ಕೇರಿ, ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಾನು ಊರೊಳಗಿನವಳು.

ಆಮೇಲೆ ನನ್ನನ್ನು ನಾನೇ ನೋಡಿಕೊಳ್ಳೋಕೆ ಶುರು ಮಾಡಿದೆ. ಮೂಗಿನ ವಿಷಯವನ್ನೇ ತಗೊಳ್ಳಿ. ಗಿಳಿ ಲೋಟದ ಹುಡುಗಿಗೆ ಮೂಗು ಸೋರಿದರೆ ನನ್ನ ಸೆರಗು ತಾನಾಗಿ ಹೋಗುತ್ತಿತ್ತು. ಬಾಗಿಲ ಹತ್ತಿರದವಳಿಗೆ ಸೋರಿದರೆ ಬಾಯಿ ಹೋಗುತ್ತಿತ್ತು, ‘ಹೋಗಿ ತೊಳ್ಕೊಂಡು ಬಾ’ ಅಂತ. ಎರಡೂ ಸಲ ಮೂಗು ಸ್ವಚ್ಛವಾಗುತ್ತಿತ್ತು, ಹಾಗಾಗಿ ನನಗೆ ವ್ಯತ್ಯಾಸವೇ ಕಂಡಿರಲಿಲ್ಲ. ನೀಟಾಗಿ ತಲೆ ಬಾಚಿ, ಪೌಡರ್ ಹಾಕಿಕೊಂಡು ಬಂದ ಮಗು ನನಗೆ ಚುರುಕು ಅನ್ನಿಸುತ್ತಿತ್ತು. ಕಾಲೊನಿಯ ತಾಯಂದಿರು ಬೆಳಗಾಗುವ ಮೊದಲೇ ಟೊಮೆಟೊ ಕೀಳೋಕೆ ಹೋಗುತ್ತಾರೆ. ವಡ್ಡಹಳ್ಳಿ ಮಾರುಕಟ್ಟೆಗೆ ಕ್ರೇಟ್ ಹೊತ್ತಿಗೆ ಸರಿಯಾಗಿ ಮುಟ್ಟಬೇಕಲ್ಲ. ತಲೆ ಬಾಚುವುದು ಎರಡನೇ ಕ್ಲಾಸಿನ ಅಕ್ಕ. ಅವಳು ಬಾಚಿದ ತಲೆ ಹೇಗಿರುತ್ತದೋ ಹಾಗಿರುತ್ತಿತ್ತು.

ಇನ್ನು ಭಾಷೆ. ಇದು ನನಗೆ ಎಲ್ಲಕ್ಕಿಂತ ನಾಚಿಕೆಯಾದ ವಿಷಯ. ನಮ್ಮ ಬೀದಿಯ ಮಗು ಅತ್ತರೆ ನಾನು ಗೊತ್ತಿಲ್ಲದೇ ತೆಲುಗಿಗೆ ಇಳಿಯುತ್ತಿದ್ದೆ. ‘ಏಡವೊದ್ದು ಬಂಗಾರು’ ಅಂತ ಮಡಿಲಿಗೆ ಎಳೆದುಕೊಳ್ಳುತ್ತಿದ್ದೆ. ಕಾಲೊನಿಯ ಮಗು ‘ನೀಳ್ಳು’ ಅಂದರೆ ‘ನೀರು ಅನ್ನು’ ಅಂತ ತಿದ್ದುತ್ತಿದ್ದೆ. ಅದೇ ತೆಲುಗು, ಅದೇ ಊರು. ಒಬ್ಬರಿಗೆ ಮುದ್ದಿನ ಭಾಷೆ, ಇನ್ನೊಬ್ಬರಿಗೆ ತಪ್ಪು. ಮಗುವಿನ ಮನೆಮಾತಿನಿಂದಲೇ ಶುರು ಮಾಡಿ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ನಾನು ಶುರು ಮಾಡುತ್ತಿದ್ದೆ, ಅರ್ಧ ಮಕ್ಕಳಿಗೆ.

ಬಾಗಿಲ ಹತ್ತಿರದ ಹುಡುಗಿಯ ಕಥೆಗೆ ಬರುತ್ತೇನೆ. ಸೋಮವಾರ ಅವಳನ್ನು ಕರೆದು ಮಾತಾಡಿಸಲೇಬೇಕು ಅಂತ ಹಟ ಮಾಡಿಕೊಂಡು ಬಂದೆ. ಬೆನ್ನು ತಿರುಗಿಸಿ ಕಲ್ಲು ಜೋಡಿಸುತ್ತಿದ್ದಳು. ಹೆಸರು ಕೂಗಿದೆ. ತಿರುಗಲಿಲ್ಲ. ಇನ್ನೊಂದು ಸಲ ಕೂಗಿದೆ. ಇಲ್ಲ. ಮೊದಲಾಗಿದ್ದರೆ ‘ಮಂಕು’ ಅಂತ ಬಿಟ್ಟುಬಿಡುತ್ತಿದ್ದೆ, ಹಾಗೇ ಬಿಟ್ಟಿದ್ದೆ ಕೂಡ. ಅವತ್ತು ಹಿಂದೆ ಹೋಗಿ ಸ್ಟೀಲ್ ತಟ್ಟೆ ಮೇಲೆ ಸೌಟು ಬಡಿದೆ. ಉಳಿದವರೆಲ್ಲ ಬೆಚ್ಚಿ ನೋಡಿದರು. ಅವಳು ಸ್ವಲ್ಪ ತಡೆದು, ಎಲ್ಲರೂ ನೋಡುತ್ತಿರುವುದನ್ನು ನೋಡಿ ತಿರುಗಿದಳು.

ಹತ್ತಿರ ಕೂರಿಸಿಕೊಂಡೆ. ಬಹುಶಃ ಅವಳು ನನ್ನ ಮಡಿಲಿಗೆ ಬಂದಿದ್ದು ಅದೇ ಮೊದಲು. ಎರಡೂ ಕಿವಿಯಲ್ಲಿ ಕೀವು ಒಣಗಿ ಅಂಟಿಕೊಂಡಿತ್ತು. ವಾಸನೆ ಬರುತ್ತಿತ್ತು. ಒಂದು ವರ್ಷದಿಂದ ನನ್ನ ಹತ್ತು ಅಡಿ ದೂರದಲ್ಲಿ ಕೂರುತ್ತಿದ್ದ ಮಗು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಕಣ್ಣು, ಕಿವಿ, ಹಲ್ಲು, ತೂಕ ಎಲ್ಲಾ ನೋಡುತ್ತಾರೆ. ಅವರು ಬಂದಿದ್ದ ದಿನದ ಹಾಜರಿ ತೆಗೆದು ನೋಡಿದೆ. ಇವಳು ಗೈರು. ಅದೇ ದಿನ ಗಿಳಿ ಲೋಟದವಳೂ ಬಂದಿರಲಿಲ್ಲ. ಅವಳನ್ನು ಕರೆತರೋಕೆ ಅಕ್ಕನನ್ನು ಮನೆಗೆ ಕಳಿಸಿದ್ದೆ. ಚೆನ್ನಾಗಿ ನೆನಪಿದೆ. ಕಾಲೊನಿ ದೂರವೇನಲ್ಲ, ಕೆರೆ ಏರಿ ದಾಟಿದರೆ ಐದು ನಿಮಿಷ.

ತಾಯಿಗೆ ಅರ್ಧ ದಿನದ ಕೂಲಿ ಬಿಡಿಸಿ, ನಾನೇ ಜೊತೆಗೆ ಹೋಗಿ ಆಸ್ಪತ್ರೆಗೆ ತೋರಿಸಿದೆವು. ಕಿವಿ ಸೋರುವುದನ್ನು ಬಹಳ ದಿನ ಹಾಗೇ ಬಿಟ್ಟರೆ ಕೇಳುವುದು ಕಮ್ಮಿಯಾಗುತ್ತದೆ, ಮಾತೂ ತಡವಾಗುತ್ತದೆ. ಔಷಧಿ ಹಾಕಿ, ನೀರು ಸೋಕದ ಹಾಗೆ ನೋಡಿಕೊಂಡು, ತಿಂಗಳುಗಟ್ಟಲೆ ಓಡಾಡಿದ ಮೇಲೆ ಸೋರುವುದು ನಿಂತಿತು. ಒಂದು ಕಿವಿ ಚೆನ್ನಾಗಿ ಕೇಳುತ್ತದೆ, ಇನ್ನೊಂದು ಅಷ್ಟಿಲ್ಲ. ಅವಳ ಜಾಗ ಈಗ ನನ್ನ ಎಡಗಡೆ, ಚೆನ್ನಾಗಿ ಕೇಳುವ ಕಿವಿ ನನ್ನ ಕಡೆಗೆ ಇರುವ ಹಾಗೆ.

ಒಳ್ಳೆಯ ಮನಸ್ಸು ಇಟ್ಟುಕೊಂಡರೆ ಸಾಕು ಅನ್ನೋದು ನನ್ನ ಮಟ್ಟಿಗೆ ಕೆಲಸ ಮಾಡಲಿಲ್ಲ. ಅದು ಮೊದಲೂ ಇತ್ತಲ್ಲ. ಮನಸ್ಸಿಗೆ ಬಿಡದೇ ಕೆಲಸಕ್ಕೇ ಒಂದು ಪದ್ಧತಿ ಮಾಡಿಕೊಂಡೆ. ಅವಳದೊಂದು ಬಿಟ್ಟು ಚಾಪೆ ಮೇಲಿನ ಜಾಗ ದಿನಾ ಒಂದೊಂದು ಸರಿಯುತ್ತದೆ. ಬಾಗಿಲ ಹತ್ತಿರ ಯಾರೂ ಕಾಯಂ ಕೂರುವ ಹಾಗಿಲ್ಲ. ಬೆಳಗ್ಗೆ ಬಂದ ಪ್ರತಿ ಮಗುವಿನ ಎರಡೂ ಕೈ ಹಿಡಿದು ಒಳಗೆ ಕರೆಯುತ್ತೇನೆ. ಉಗುರೂ ನೋಡಿದ ಹಾಗಾಯಿತು, ಮುಟ್ಟಿದ ಹಾಗೂ ಆಯಿತು. ಅಳುವ ಮಗುವಿನ ಜೊತೆ ಅದರ ಮನೆಮಾತು, ಯಾರ ಮನೆಯದಾದರೂ ಸರಿ. ಹಾಡು, ಕಥೆ ಕನ್ನಡದಲ್ಲಿ, ನಡುನಡುವೆ ತೆಲುಗು.

ಕಷ್ಟವಾಗಿದ್ದು ನೀರಿನ ಸರದಿ. ಊಟಕ್ಕೆ ಕೂತಾಗ ಜಗ್ಗಿನಿಂದ ನೀರು ಹಾಕುವ ಕೆಲಸ ಮಕ್ಕಳಿಗೆ ಬಹಳ ಇಷ್ಟ. ಅಲ್ಲಿಯವರೆಗೆ ಅದನ್ನು ಮಾಡುತ್ತಿದ್ದವರೆಲ್ಲ ಊರೊಳಗಿನ ಮಕ್ಕಳು. ಚಾಪೆ ಮಡಚುವುದು ಕಾಲೊನಿಯ ಮಕ್ಕಳು. ಯಾರೂ ಹಾಗೆ ಮಾಡಿ ಅಂದಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಸರದಿ ಹಾಕಿದ ಎರಡನೇ ದಿನಕ್ಕೇ ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತರು. ‘ಏನ್ ಟೀಚರಮ್ಮ, ನಮ್ಮ ಮಗೂಗೆ ಅವರ ಕೈಲಿ ನೀರು ಕೊಡಿಸ್ತೀರಂತೆ?’

ಧೈರ್ಯವಾಗಿ ಉತ್ತರ ಕೊಟ್ಟೆ ಅಂತ ಬರೆಯೋಕೆ ಆಸೆ. ಕೊಡಲಿಲ್ಲ. ಮೂರು ದಿನ ಸರದಿ ಬಿಟ್ಟು ನಾನೇ ನೀರು ಹಾಕಿದೆ. ನಾಲ್ಕನೇ ದಿನ ಬಾಳೆಹಣ್ಣಿನ ಲೋಟದವಳು ಜಗ್ಗು ಹಿಡಿದುಕೊಂಡು ನನ್ನ ಮುಖ ನೋಡುತ್ತಾ ನಿಂತಳು. ಇವತ್ತು ಅವಳ ಸರದಿ, ಅವಳಿಗೆ ಎಣಿಕೆ ಬರುತ್ತದೆ. ‘ಹಾಕಮ್ಮ’ ಅಂದೆ. ಮೊದಲ ಲೋಟ ನನ್ನದೇ ಮುಂದಿಟ್ಟೆ, ಅರ್ಧ ನೀರು ಚಾಪೆಗೆ ಹೋಯಿತು. ಅಜ್ಜಿಯ ಮೊಮ್ಮಗ ಒಂದು ವಾರ ಬರಲಿಲ್ಲ, ಆಮೇಲೆ ಬಂದ. ಇನ್ನೊಂದು ಮನೆಯವರು ಮಗುವನ್ನು ಮುಳಬಾಗಿಲಿನ ಕಾನ್ವೆಂಟಿಗೆ ಹಾಕಿದರು. ಇಂಗ್ಲಿಷಿಗೋಸ್ಕರ ಅಂದರು. ಇರಬಹುದು.

ವರ್ಷಕ್ಕೆ ಎರಡು ಸಲ ಈಗಲೂ ಬೀಜ ಎಣಿಸುತ್ತೇವೆ. ಯಾವಾಗ ಅಂತ ನನಗೆ ಹೇಳಬೇಡಿ ಅಂದಿದ್ದೇನೆ. ಹೋದ ತಿಂಗಳು ಎಣಿಸಿದಾಗ ಕಾಲೊನಿ, ಊರೊಳಗೆ ಅಂತ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಸ್ವಲ್ಪ ಜಂಬ ಬಂತು. ಆಮೇಲೆ ಬಸ್ ಚಿತ್ರದ ಲೋಟ ಸಿಕ್ಕಿತು. ತಳದಲ್ಲಿ ಐದು ಬೀಜ. ನಮ್ಮ ಬೀದಿಯ ಹುಡುಗ, ನಮ್ಮ ಜನವೇ. ಮೊಟ್ಟೆ ಚಿಕ್ಕದು ಕೊಟ್ಟೆ ಅಂತ ಅವನ ತಾಯಿ ಯುಗಾದಿ ಹೊತ್ತಿಗೆ ನನ್ನ ಜೊತೆ ಬೀದಿಯಲ್ಲಿ ಜಗಳ ಆಡಿದ್ದಳು.

ಅಕ್ಕ ಏನೂ ಅನ್ನಲಿಲ್ಲ. ಲೋಟ ನನ್ನ ಮುಂದೆ ಸರಿಸಿ ಪಾತ್ರೆ ತೊಳೆಯೋಕೆ ಹೋದರು.