ಹಳೇ ರೈಲ್ವೆ ಸ್ಟೇಷನ್ ಉಳಿಸೋಕೆ ಅನುದಾನ: ಅರ್ಜಿ ಎಲ್ಲಿಂದ ಶುರು ಮಾಡಬೇಕು?

ಬೆಂಗಳೂರಿನಿಂದ ಹರಿಹರದ ತನಕ ಮೀಟರ್ ಗೇಜ್ ಹಳಿ ಬಂದದ್ದು 1880ರ ದಶಕದ ಕೊನೆಯಲ್ಲಿ. ಮೈಸೂರು ಸಂಸ್ಥಾನ ಶುರು ಮಾಡಿದ ಕೆಲಸವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿ ಹರಿಹರ ಮುಟ್ಟಿಸಿತು. ದಾವಣಗೆರೆಯ ಹತ್ತಿ ಅಂಡಿಗೆಗಳು ಊರಾಚೆಯ ಮಾರುಕಟ್ಟೆ ಕಂಡದ್ದು ಈ ಹಳಿಯ ಮೇಲೆಯೇ. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಕವಲು ಹೊರಟದ್ದೂ ಸಂಸ್ಥಾನದ ಕಾಲದಲ್ಲೇ.

1990ರ ದಶಕದಲ್ಲಿ ಹಳಿ ಬ್ರಾಡ್ ಗೇಜ್ ಆಯಿತು. ಆಗ ಹೋದದ್ದು ಹೋಯಿತು. ಈಗ ಮತ್ತೊಂದು ಸುತ್ತು ಕೆಲಸ ನಡೆಯುತ್ತಿದೆ. ದಾವಣಗೆರೆ, ಹರಿಹರ, ಚಿತ್ರದುರ್ಗ ಮೂರೂ ಸ್ಟೇಷನ್‌ಗಳು ರೈಲ್ವೆಯ ಸ್ಟೇಷನ್ ನವೀಕರಣದ ಅಮೃತ್ ಭಾರತ್ ಯೋಜನೆಯ ಪಟ್ಟಿಯಲ್ಲಿವೆ. ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ಮಾರ್ಗದ ಕೆಲಸವೂ ಇದೆ. ಹೊಸದು ಬರಲಿ, ಬೇಕೇ ಬೇಕು. ಆದರೆ ಇಂಥ ಕೆಲಸದ ಹೊತ್ತಿನಲ್ಲೇ ಹಳೇ ಹೆಂಚಿನ ಮಾಡು, ಕಲ್ಲಿನ ಗೂಡ್ಸ್ ಶೆಡ್ಡು, ಟಿಕೆಟ್ ಕಿಟಕಿಯ ಮರದ ಚೌಕಟ್ಟು, ಕೈಗಂಬದ ಸಿಗ್ನಲ್ ಎಲ್ಲವೂ ಗುಜರಿ ಲೆಕ್ಕಕ್ಕೆ ಸೇರಿಬಿಡುತ್ತವೆ. ಹಾಗಾಗಿ ಈ ಲೇಖನ.

‘ಇವನ್ನು ಉಳಿಸೋಕೆ ಸರ್ಕಾರ ದುಡ್ಡು ಕೊಡುತ್ತಾ?’ ಎಂದು ಕೇಳುವವರು ಜಾಸ್ತಿ. ಕೊಡುತ್ತದೆ, ಆದರೆ ಸೀದಾ ಕೊಡುವುದಿಲ್ಲ. ಅಮೆರಿಕದಲ್ಲಿ 1991ರ ಸಾರಿಗೆ ಕಾನೂನು ರಾಜ್ಯಗಳಿಗೆ ಕೊಡುವ ಹೆದ್ದಾರಿ ಹಣದಲ್ಲೇ ಒಂದು ಪಾಲು ಎತ್ತಿಟ್ಟಿತು. ಆ ಪಾಲನ್ನು ಯಾವುದಕ್ಕೆ ಬಳಸಬಹುದು ಎಂಬ ಪಟ್ಟಿಯಲ್ಲಿ ಹಳೇ ರೈಲ್ವೆ ಕಟ್ಟಡಗಳನ್ನು ಹೆಸರು ಹೇಳಿಯೇ ಸೇರಿಸಿತ್ತು. ಅಲ್ಲಿನ ಎಷ್ಟೋ ಊರುಗಳ ಸ್ಟೇಷನ್ ಆ ಹಣದಿಂದ ಉಳಿದವು. ನಮ್ಮಲ್ಲಿ ಊರಿನ ಸಂಘ-ಸಂಸ್ಥೆಗಳು ಅರ್ಜಿ ಹಾಕುವಂಥ ಅಂಥ ಪ್ರತ್ಯೇಕ ನಿಧಿ ಇಲ್ಲ. ಅದಕ್ಕೇ ‘ಹಳೇ ರೈಲ್ವೆ ಉಳಿಸಿ’ ಎಂದು ಒಂದೇ ದೊಡ್ಡ ಅರ್ಜಿ ಬರೆದರೆ ಅದು ಯಾವ ಮೇಜಿನ ಮೇಲೂ ನಿಲ್ಲುವುದಿಲ್ಲ. ಕೆಲಸವನ್ನು ತುಂಡು ಮಾಡಬೇಕು. ಕಟ್ಟಡ ಒಂದು ತುಂಡು, ಸಾಮಾನು ಇನ್ನೊಂದು, ದಾಖಲೆ ಮತ್ತೊಂದು. ಪ್ರತಿ ತುಂಡಿಗೂ ತಕ್ಕ ಬಾಗಿಲು ಇದೆ.

ಮೊದಲು ಒಡೆಯನ ಒಪ್ಪಿಗೆ

ಸ್ಟೇಷನ್ ಊರಿನದು ಎಂದು ನಮಗೆ ಅನ್ನಿಸಬಹುದು. ಕಾಗದದಲ್ಲಿ ಅದು ರೈಲ್ವೆಯದು. ದಾವಣಗೆರೆ, ಚಿತ್ರದುರ್ಗ, ಚಿಕ್ಕಜಾಜೂರು ಮೂರೂ ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿವೆ. ಆದ್ದರಿಂದ ಮೊದಲ ಪತ್ರ ಹೋಗಬೇಕಾದದ್ದು ಮೈಸೂರಿನ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ, ಅಂದರೆ ಡಿಆರ್‌ಎಂ ಕಚೇರಿಗೆ. ಸ್ಟೇಷನ್ ಮಾಸ್ಟರ್ ಎಷ್ಟೇ ಒಳ್ಳೆಯವರಿದ್ದರೂ ಇಂಥದ್ದಕ್ಕೆ ಒಪ್ಪಿಗೆ ಕೊಡುವ ಅಧಿಕಾರ ಅವರಿಗಿಲ್ಲ. ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ.

ಪತ್ರದಲ್ಲಿ ದುಡ್ಡು ಕೇಳಬೇಡಿ. ಕೇಳಬೇಕಾದದ್ದು ಮೂರು: ಈ ಕಟ್ಟಡ ಅಥವಾ ಸಾಮಾನನ್ನು ಕೆಡವುವ, ಹರಾಜು ಹಾಕುವ ಯೋಚನೆ ಇದೆಯೇ, ನಾವು ಅಳತೆ ತೆಗೆದು ಫೋಟೊ ಹಿಡಿಯಲು ಅನುಮತಿ ಕೊಡುವಿರಾ, ಹೊರಗಿನ ಹಣ ತಂದರೆ ರೈಲ್ವೆಯ ಮೇಲ್ವಿಚಾರಣೆಯಲ್ಲೇ ದುರಸ್ತಿಗೆ ತಾತ್ವಿಕ ಒಪ್ಪಿಗೆ ಸಿಗುತ್ತದೆಯೇ. ಈ ಮೂರನೆಯದಕ್ಕೆ ಬರುವ ಒಂದು ಸಾಲಿನ ಉತ್ತರವೇ ಮುಂದಿನ ಎಲ್ಲ ಅರ್ಜಿಗಳ ಬೇರು. ಅನುದಾನ ಕೊಡುವ ಯಾರೇ ಆಗಲಿ ‘ಜಾಗ ಯಾರದು, ಅವರು ಒಪ್ಪಿದ್ದಾರಾ?’ ಎಂದೇ ಮೊದಲು ಕೇಳುತ್ತಾರೆ.

ಅನುಮತಿ ಬರುವ ಮುಂಚೆ ಹಳಿ ಮೇಲೆ ಇಳಿದು ಫೋಟೊ ತೆಗೆಯುವುದು ಬೇಡ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಅಪರಾಧ, ಆರು ತಿಂಗಳ ತನಕ ಜೈಲು ಶಿಕ್ಷೆಗೂ ಅವಕಾಶ ಇದೆ. ಅದಕ್ಕಿಂತ ದೊಡ್ಡದು ಜೀವ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಹಳೇ ನಕ್ಷೆಯ ಪ್ರತಿ, ಕಟ್ಟಡ ಕಟ್ಟಿದ ವರ್ಷ, ಆಸ್ತಿ ಪಟ್ಟಿಯಲ್ಲಿ ಅದಕ್ಕೆ ಏನೆಂದು ಬರೆದಿದ್ದಾರೆ ಎಂಬುದನ್ನೂ ಅದರಲ್ಲೇ ಕೇಳಬಹುದು. ಇದನ್ನು ಜಗಳಕ್ಕೆ ಬಳಸಬೇಡಿ, ಕಾಗದ ಪಡೆಯಲು ಬಳಸಿ. ವಿಭಾಗೀಯ ರೈಲ್ವೆ ಬಳಕೆದಾರರ ಸಲಹಾ ಸಮಿತಿಯಲ್ಲಿ ನಿಮ್ಮ ಭಾಗದ ಸದಸ್ಯರು ಇದ್ದರೆ ಅವರ ಮೂಲಕ ವಿಷಯವನ್ನು ಸಭೆಯ ನಡಾವಳಿಗೆ ಸೇರಿಸಿ. ನಡಾವಳಿಗೆ ಬಂದ ಮಾತಿಗೆ ಉತ್ತರ ಬರೆಯಲೇಬೇಕಾಗುತ್ತದೆ.

ಸಂಘ ಕಟ್ಟುವುದು

ಒಬ್ಬ ವ್ಯಕ್ತಿಗೆ ಯಾರೂ ಅನುದಾನ ಕೊಡುವುದಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಬೈಲಾದ ಉದ್ದೇಶಗಳಲ್ಲಿ ‘ಐತಿಹಾಸಿಕ ಕಟ್ಟಡ ಮತ್ತು ವಸ್ತುಗಳ ಸಂರಕ್ಷಣೆ’ ಎಂದು ಸ್ಪಷ್ಟವಾಗಿ ಇರಲಿ. ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ, ಸಂಘಕ್ಕೂ ದಾನಿಗಳಿಗೂ ಆದಾಯ ತೆರಿಗೆ ವಿನಾಯಿತಿ ಕೊಡಿಸುವ, 12ಎ ಮತ್ತು 80ಜಿ ಎಂದೇ ಹೆಸರಾದ ನೋಂದಣಿಗಳು, ಕೇಂದ್ರದ ಅನುದಾನಕ್ಕೆ ಸರ್ಕಾರದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ನೋಂದಣಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣಕ್ಕೆ ಸಿಎಸ್‌ಆರ್-1 ನಮೂನೆ.

ಹೊಸ ಸಂಘಕ್ಕೆ ಇಲ್ಲೊಂದು ತೊಡಕಿದೆ. ಸಿಎಸ್‌ಆರ್ ನಿಯಮದಂತೆ ಹೊರಗಿನ ಸಂಸ್ಥೆಗೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು. ಹಾಗಾಗಿ ಮೊದಲ ಸುತ್ತಿನಲ್ಲಿ ಅನುಭವ ಇರುವ ಸಂಸ್ಥೆಯೊಂದರ ಜೊತೆಗೂಡಿ ಹೋಗುವುದೇ ಜಾಣತನ. 1984ರಿಂದ ಪರಂಪರೆಯ ಕೆಲಸ ಮಾಡುತ್ತಿರುವ ಇಂಟ್ಯಾಕ್ ಸಂಸ್ಥೆ ಇದೆ. ನಮ್ಮ ಜಿಲ್ಲೆಗಳ ಹಳೇ ಶಿಕ್ಷಣ ಸಂಸ್ಥೆಗಳು, ಟ್ರಸ್ಟ್‌ಗಳೂ ಇವೆ. ಹೆಸರು ನಮ್ಮದೇ ಇರಬೇಕು ಎಂಬ ಹಟ ಬೇಡ.

ದಾಖಲೆಯೇ ನಿಜವಾದ ಕೆಲಸ

ಇದಕ್ಕೆ ಹೆಚ್ಚು ಸಮಯ ಕೊಡಿ. ದುಡ್ಡು ಸಿಗದೇ ಹೋದರೂ ಇದು ಉಳಿಯುತ್ತದೆ.

ದಾವಣಗೆರೆಯ ಯುಬಿಡಿಟಿ, ಬಿಐಇಟಿ, ಚಿತ್ರದುರ್ಗದ ಎಸ್‌ಜೆಎಂಐಟಿಯಂಥ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿವಿಲ್ ಓದುವ ಮಕ್ಕಳಿದ್ದಾರೆ. ಒಬ್ಬ ಮೇಷ್ಟ್ರು ಮನಸ್ಸು ಮಾಡಿದರೆ ಕಟ್ಟಡದ ಅಳತೆ ನಕ್ಷೆ ಒಂದು ಸೆಮಿಸ್ಟರಿನ ಪ್ರಾಜೆಕ್ಟ್ ಆಗುತ್ತದೆ. ಪ್ರತಿ ಗೋಡೆಯ ಫೋಟೊ ಇರಲಿ, ಪಕ್ಕದಲ್ಲಿ ಅಳತೆ ಪಟ್ಟಿ ಇರಲಿ. ಬಿರುಕು ಎಲ್ಲಿದೆ, ಮಳೆ ನೀರು ಎಲ್ಲಿಂದ ಇಳಿಯುತ್ತಿದೆ, ಯಾವ ಹೆಂಚು ಒಡೆದಿದೆ ಎಂದು ನಕ್ಷೆಯ ಮೇಲೇ ಗುರುತು ಹಾಕಿ.

ಗೋಡೆಯ ಬುಡ ನೋಡುವುದನ್ನು ಮರೆಯಬೇಡಿ. ಅಲ್ಲಿ ಬಿಳಿ ಹಿಟ್ಟು ಉದುರಿದಂತೆ ಪುಡಿ ಕಂಡರೆ ಅದು ಉಪ್ಪು. ಹಳೇ ಗೋಡೆಗಳ ಗಾರೆ ಸುಣ್ಣದ್ದು. ಸುಣ್ಣದ ಗಾರೆ ತೇವ ಕುಡಿದರೂ ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಅದರ ಮೇಲೆ ಯಾರೋ ಯಾವಾಗಲೋ ಸಿಮೆಂಟ್ ಮೆತ್ತಿರುತ್ತಾರೆ. ತೇವ ಆ ಪದರ ದಾಟಲಾಗದೆ ಇಟ್ಟಿಗೆ, ಕಲ್ಲಿನ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಜೊತೆಗೆ ಉಪ್ಪನ್ನೂ ಹೊತ್ತು ತರುತ್ತದೆ. ಉಪ್ಪು ಹರಳುಗಟ್ಟಿದ ಕಡೆ ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅರ್ಜಿಯಲ್ಲಿ ‘ಕಟ್ಟಡ ಶಿಥಿಲವಾಗಿದೆ’ ಎಂದು ಬರೆದರೆ ಅದು ಕೆಡವಲು ಕಾರಣ ಆಗಿಬಿಡುತ್ತದೆ. ‘ಸಿಮೆಂಟ್ ಪದರ ತೆಗೆದು ಸುಣ್ಣದ ಗಾರೆ ಹಾಕಿದರೆ ಸರಿಯಾಗುತ್ತದೆ’ ಎಂದು ಫೋಟೊ ಸಮೇತ ಬರೆದರೆ ಅದೇ ಗೋಡೆ ದುರಸ್ತಿಯ ಪಟ್ಟಿಗೆ ಬರುತ್ತದೆ.

ಸಾಮಾನುಗಳದೂ ಇದೇ ಕತೆ. ಒಂಟಿ ಹಳಿಯ ಕಾಲದ ಚೆಂಡಿನ ಟೋಕನ್ ಯಂತ್ರವನ್ನೇ ನೋಡಿ. ಅಕ್ಕಪಕ್ಕದ ಎರಡು ಸ್ಟೇಷನ್‌ಗಳಲ್ಲಿ ಒಂದೊಂದು ಯಂತ್ರ, ಎರಡಕ್ಕೂ ತಂತಿಯ ನಂಟು. ಎರಡೂ ಕಡೆಯವರು ಒಪ್ಪಿದರೆ ಮಾತ್ರ ಒಂದು ಲೋಹದ ಚೆಂಡು ಹೊರಗೆ ಉರುಳುತ್ತದೆ. ಅದು ವಾಪಸ್ ಯಂತ್ರಕ್ಕೆ ಬೀಳುವ ತನಕ ಇನ್ನೊಂದು ಬರುವುದಿಲ್ಲ. ಆ ಚೆಂಡನ್ನು ಚೀಲಕ್ಕೆ ಹಾಕಿ, ಚೀಲ ಕಟ್ಟಿದ ದೊಡ್ಡ ಬಳೆಯನ್ನು ಓಡುವ ರೈಲಿನ ಡ್ರೈವರ್ ಕೈಗೆ ಸಿಗುವಂತೆ ಎತ್ತಿ ಹಿಡಿಯುತ್ತಿದ್ದರು. ಎದುರುಬದುರು ರೈಲು ಬಾರದಂತೆ ಕಾದದ್ದು ಈ ಚೆಂಡು. ಒಂದೇ ಯಂತ್ರ ಉಳಿಸಿದರೆ ಅರ್ಧ ಕತೆ ಉಳಿದಂತೆ. ಹಾಗಾಗಿ ಜೋಡಿಯಾಗಿಯೇ ಕೇಳಿ, ಚೆಂಡಿನ ಮೇಲೆ ಕೆತ್ತಿದ ಅಕ್ಷರಗಳನ್ನು ಬರೆದಿಟ್ಟುಕೊಳ್ಳಿ.

ಇದನ್ನೆಲ್ಲ ಕೈಯಾರೆ ನಡೆಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ನಿವೃತ್ತ ಸ್ಟೇಷನ್ ಮಾಸ್ಟರ್‌ಗಳು, ಪಾಯಿಂಟ್ಸ್‌ಮನ್‌ಗಳು, ಗ್ಯಾಂಗ್‌ಮನ್‌ಗಳು, ಗೂಡ್ಸ್ ಶೆಡ್ಡಿನ ಹಮಾಲರು. ಅವರ ಮಾತನ್ನು ಮೊಬೈಲಿನಲ್ಲೇ ಧ್ವನಿಮುದ್ರಿಸಿ. ಹೆಸರು, ಕೆಲಸ ಮಾಡಿದ ಸ್ಟೇಷನ್, ವರ್ಷ ಕೇಳಿ ಬರೆದುಕೊಳ್ಳಿ. ಒಪ್ಪಿಗೆಯ ಸಹಿ ಪಡೆಯಿರಿ. ಇದು ಕಾಯುವ ಕೆಲಸ ಅಲ್ಲವೇ ಅಲ್ಲ.

ಯಾವ ತುಂಡಿಗೆ ಯಾವ ಬಾಗಿಲು

ಸಾಮಾನು, ದಾಖಲೆ, ಪ್ರದರ್ಶನಕ್ಕೆ ಕೇಂದ್ರ ಸಂಸ್ಕೃತಿ ಸಚಿವಾಲಯದ ವಸ್ತುಸಂಗ್ರಹಾಲಯ ಅನುದಾನ ಯೋಜನೆ ಇದೆ. ನೋಂದಾಯಿತ ಸಂಘ, ಟ್ರಸ್ಟ್, ಸ್ಥಳೀಯ ಸಂಸ್ಥೆಗಳೂ ಅರ್ಜಿ ಹಾಕಬಹುದು. ವೆಚ್ಚದ ಶೇ 80ರಷ್ಟು ಕೇಂದ್ರದ್ದು, ಉಳಿದ 20 ನಮ್ಮದು. ದೇಶದ ರೈಲ್ವೆ ವಸ್ತುಸಂಗ್ರಹಾಲಯ 1977ರಲ್ಲಿ ದೆಹಲಿಯಲ್ಲಿ ತೆರೆಯಿತು, ಮೈಸೂರಿನದು 1979ರಲ್ಲಿ. ಹುಬ್ಬಳ್ಳಿಯಲ್ಲೂ ಈಗ ಒಂದಿದೆ. ಅವು ದೊಡ್ಡವು, ರೈಲ್ವೆಯೇ ನಡೆಸುವಂಥವು. ನಮಗೆ ಎರಡು ಕೋಣೆ ಸಾಕು.

ಕಟ್ಟಡದ ದುರಸ್ತಿಗೆ ಕಂಪನಿಗಳ ಸಿಎಸ್‌ಆರ್ ಹಣವೇ ಹತ್ತಿರದ ದಾರಿ. ಕಂಪನಿ ಕಾಯ್ದೆ 2013ರ ಏಳನೇ ಅನುಸೂಚಿಯಲ್ಲಿ ಐತಿಹಾಸಿಕ ಕಟ್ಟಡ, ಸ್ಥಳಗಳ ಜೀರ್ಣೋದ್ಧಾರ ಎಂದೇ ಇದೆ. ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟು ಖರ್ಚು ಮಾಡಬೇಕು, ತಾವು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎನ್ನುತ್ತದೆ ಕಾನೂನು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದವರಿದ್ದಾರೆ, ಅದಿರು ತೆಗೆಯುವವರಿದ್ದಾರೆ. ಅವರ ಮುಂದೆ ಹೋಗಿ. ಆರ್ಥಿಕ ವರ್ಷ ಶುರುವಾಗುವ ಮುಂಚೆ, ಅಂದರೆ ಜನವರಿ–ಫೆಬ್ರುವರಿಯಲ್ಲೇ ಪ್ರಸ್ತಾವ ಕೊಟ್ಟರೆ ಮುಂದಿನ ಬಜೆಟ್ಟಿಗೆ ಸೇರಿಸಲು ಅವರಿಗೂ ಸಲೀಸು.

ದೊಡ್ಡ ದಾನಿ ಸಿಕ್ಕರೆ ರಾಷ್ಟ್ರೀಯ ಸಂಸ್ಕೃತಿ ನಿಧಿಯ ಮೂಲಕ ಹೋಗಬಹುದು. 1996ರಲ್ಲಿ ಶುರುವಾದ ಈ ನಿಧಿಗೆ ಕೊಟ್ಟ ದೇಣಿಗೆಗೆ ಪೂರ್ತಿ ತೆರಿಗೆ ವಿನಾಯಿತಿ ಇದೆ. ಇಂಥದ್ದೇ ಕೆಲಸಕ್ಕೆ ಎಂದು ಹೆಸರಿಸಿಯೂ ಕೊಡಬಹುದು.

ಸಂಸದರಿಗೆ ವರ್ಷಕ್ಕೆ 5 ಕೋಟಿ, ಶಾಸಕರಿಗೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಅದರ ಗುರಿ ಸಾರ್ವಜನಿಕರು ಬಳಸುವ, ಬಾಳಿಕೆ ಬರುವ ಆಸ್ತಿ. ಹಾಗಾಗಿ ಗೋಡೆಯ ಗಾರೆಗೆ ಇದನ್ನು ಕೇಳುವ ಬದಲು ಸ್ಟೇಷನ್ ಹೊರಗೆ ಪಾಲಿಕೆ ಅಥವಾ ಪಂಚಾಯಿತಿ ಜಾಗದಲ್ಲಿ ಪ್ರದರ್ಶನ ಕೋಣೆಗೆ ಕೇಳಿ, ಯಾವ ಕೆಲಸಕ್ಕೆ ಅವಕಾಶ ಇದೆ ಎಂದು ಮೊದಲೇ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಗಣಿ ಬಾಧಿತ ಪ್ರದೇಶದ ಜಿಲ್ಲಾ ಖನಿಜ ನಿಧಿಗೆ ಮಾತ್ರ ಕೈ ಹಾಕಬೇಡಿ. ಅದು ಮೊದಲು ಸಲ್ಲಬೇಕಾದದ್ದು ಗಣಿ ಊರುಗಳ ಕುಡಿಯುವ ನೀರಿಗೆ, ಆಸ್ಪತ್ರೆಗೆ, ಶಾಲೆಗೆ.

ಇಂಟರ್‌ನೆಟ್ಟಿನಲ್ಲಿ ಸಿಗುವ ಅಮೆರಿಕ, ಇಂಗ್ಲೆಂಡಿನ ಅನುದಾನದ ಪಟ್ಟಿಗಳಿಗೆ ಸುಮ್ನೆ ಹೊತ್ತು ಕಳೆಯಬೇಡಿ. ಅವು ಆಯಾ ದೇಶದ ಆಸ್ತಿಗೆ. ವಿದೇಶಿ ದೇಣಿಗೆ ಪಡೆಯಬೇಕೆಂದರೆ ಎಫ್‌ಸಿಆರ್‌ಎ ಅನುಮತಿ ಬೇರೆ ಬೇಕು.

ಅಂದಾಜು ಪಟ್ಟಿ

ಲೋಕೋಪಯೋಗಿ ಇಲಾಖೆಯ ಎಸ್‌ಆರ್ ಅಂದರೆ ದರಪಟ್ಟಿಯನ್ನು ಬುನಾದಿ ಮಾಡಿಕೊಳ್ಳಿ. ಸುಣ್ಣದ ಗಾರೆ, ಹಳೇ ಮರದ ಕೆಲಸದಂಥವಕ್ಕೆ ಅದರಲ್ಲಿ ಹೊಂದುವ ದರ ಸಿಗದಿದ್ದರೆ ಆ ಕೆಲಸ ಬಲ್ಲವರಿಂದ ಮೂರು ಕೊಟೇಶನ್ ತರಿಸಿ ದರದ ವಿಶ್ಲೇಷಣೆ ಲಗತ್ತಿಸಿ. ಹಳೇ ಕಟ್ಟಡದ ಕೆಲಸ ಮಾಡಿದ ವಾಸ್ತುಶಿಲ್ಪಿಯ ಸಹಿ ಇರಲಿ, ಅವರ ಶುಲ್ಕವನ್ನೂ ಪಟ್ಟಿಯಲ್ಲೇ ತೋರಿಸಿ. ಕೆಲಸವನ್ನು ಹಂತ ಮಾಡಿ, ಮೊದಲ ಹಂತದಲ್ಲಿ ಮಾಡು ಮತ್ತು ಮಳೆ ನೀರಿನ ದಾರಿ ಇರಲಿ. ಸೋರುವ ಮಾಡಿನ ಕೆಳಗೆ ಗೋಡೆಗೆ ಹಾಕಿದ ದುಡ್ಡು ನೀರಿಗೆ ಹಾಕಿದಂತೆ. ನಮ್ಮ ಪಾಲಿನ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಬ್ಯಾಂಕ್ ಖಾತೆಯ ಕಾಗದದ ಸಮೇತ ತೋರಿಸಬೇಕು. ಎಪಿಎಂಸಿ ವರ್ತಕರು, ಹಳೇ ಮಿಲ್ಲಿನ ಕುಟುಂಬದವರು, ರೈಲ್ವೆ ಪಿಂಚಣಿದಾರರು ಮನಸ್ಸು ಮಾಡಿದರೆ ದಾವಣಗೆರೆಯಂಥ ಊರಿನಲ್ಲಿ ಈ ಪಾಲು ಕೂಡಿಸುವುದು ಕಷ್ಟವಿಲ್ಲ.

ದುಡ್ಡು ಬಂದ ಮೇಲೆ

ಕೇಂದ್ರದ ಅನುದಾನಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯ. ಆ ಹಣದ ಲೆಕ್ಕ ಬೇರೆಯೇ ಇಡಿ. ಖಾತೆಯಲ್ಲಿ ಕೂತ ಅನುದಾನಕ್ಕೆ ಬಂದ ಬಡ್ಡಿ ನಮ್ಮದಲ್ಲ, ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಬಳಕೆ ಪ್ರಮಾಣಪತ್ರವನ್ನು ಇದೇ ನಿಯಮಗಳ 12-ಎ ನಮೂನೆಯಲ್ಲಿ ಕೊಡಬೇಕು. ಇದು ತಡವಾದರೆ ಮುಂದಿನ ಕಂತೂ ತಡ. ಅನುದಾನದಲ್ಲಿ ಕೊಂಡ ಗಾಜಿನ ಕಪಾಟನ್ನೂ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಆಸ್ತಿ ಪುಸ್ತಕ ತೆರೆದು ಅದರಲ್ಲಿ ಬರೆಯಿರಿ.

ರೈಲ್ವೆಯ ಜೊತೆ ಮಾಡಿಕೊಳ್ಳುವ ಒಪ್ಪಂದದಲ್ಲಿ ನಿರ್ವಹಣೆಯ ಕಲಂ ಇಲ್ಲದೆ ಸಹಿ ಹಾಕಬೇಡಿ. ಕೋಣೆಯ ಬೀಗದ ಕೈ ಯಾರ ಬಳಿ, ಕರೆಂಟ್ ಬಿಲ್ ಯಾರದು, ಜೂನ್ ಮಳೆಗೆ ಮುಂಚೆ ಪ್ರತಿ ವರ್ಷ ಹೆಂಚು ಕೈಯಾಡಿಸಿ ಮಾಡಿನಂಚಿನ ಮಳೆ ನೀರಿನ ದೋಣಿಯ ಕಸ ತೆಗೆಸುವವರು ಯಾರು, ಆ ಖರ್ಚು ಎಲ್ಲಿಂದ ಎಂಬುದೆಲ್ಲ ಅದರಲ್ಲಿ ಬರೆದಿರಬೇಕು.