ಒಂದೇ ಶೇಕಡಾವಾರು, ಎರಡು ಬಗೆಯ ತಡೆ: ಆಲ್ಕಲೈನ್ ಫಾಸ್ಫಟೇಸ್ ಪ್ರಯೋಗ

ಪ್ರತಿಬಂಧಕಗಳನ್ನು, ಅಂದರೆ ಕಿಣ್ವದ ಕೆಲಸ ತಡೆಯುವ ವಸ್ತುಗಳನ್ನು, ಕಲಿಸಲು ನಾನು ಬಳಸುವ ಕಿಣ್ವ ಕರುವಿನ ಕರುಳಿನ ಆಲ್ಕಲೈನ್ ಫಾಸ್ಫಟೇಸ್. ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಅಜೈವಿಕ ಫಾಸ್ಫೇಟ್ ಇದನ್ನು ಸ್ಪರ್ಧಾತ್ಮಕವಾಗಿ, ಅಂದರೆ ಸಬ್‌ಸ್ಟ್ರೇಟ್‌ನ (ಕಿಣ್ವ ಒಡೆಯುವ ವಸ್ತುವಿನ) ಜಾಗಕ್ಕೇ ಪೈಪೋಟಿ ಮಾಡಿ, ತಡೆಯುತ್ತದೆ. ಎಲ್-ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲ ತಡೆಯುವ ರೀತಿ ಅನ್‌ಕಾಂಪಿಟಿಟಿವ್: ಸಬ್‌ಸ್ಟ್ರೇಟ್ ಹಿಡಿದ ಕಿಣ್ವಕ್ಕೆ ಮಾತ್ರ ಅಂಟುತ್ತದೆ. ಎರಡೂ ಅಗ್ಗ, ಎರಡೂ ನೀರಲ್ಲಿ ಕರಗುತ್ತವೆ. ಒಂದೇ ಕಿಣ್ವ, ಒಂದೇ ಬಫರ್‌ನಲ್ಲಿ ಎರಡು ಬಗೆಯ ತಡೆಯನ್ನೂ ತೋರಿಸಬಹುದು.

ಸಬ್‌ಸ್ಟ್ರೇಟ್ ಪ್ಯಾರಾ-ನೈಟ್ರೋಫಿನೈಲ್ ಫಾಸ್ಫೇಟ್. ಇದಕ್ಕೆ ಬಣ್ಣವಿಲ್ಲ. ಫಾಸ್ಫೇಟ್ ಕಳಚಿಕೊಂಡರೆ ಉಳಿಯುವ ನೈಟ್ರೋಫಿನಾಲ್ ಕ್ಷಾರದಲ್ಲಿ ಹಳದಿ. 405 ನ್ಯಾನೋಮೀಟರ್‌ನಲ್ಲಿ ಅಳೆಯುತ್ತೇವೆ. 1 ಸೆಂ.ಮೀ. ಕ್ಯೂವೆಟ್‌ನಲ್ಲಿ (ಬೆಳಕು ಹಾಯಿಸಿ ಅಳೆಯುವ ಚಿಕ್ಕ ಪಾತ್ರೆ) 1 ಮಿಲಿಮೋಲಾರ್‌ಗೆ ಸುಮಾರು 18 ಅಬ್ಸಾರ್ಬೆನ್ಸ್ (ಬೆಳಕು ಹೀರುವಿಕೆಯ ಅಳತೆ) ಎಂದು ಲೆಕ್ಕ. ಸಬ್‌ಸ್ಟ್ರೇಟ್ ಡೈಸೋಡಿಯಂ ಹೆಕ್ಸಾಹೈಡ್ರೇಟ್ ರೂಪದ್ದಾಗಿದ್ದರೆ 10 ಮಿ.ಲೀ.ಗೆ 37.1 ಮಿ.ಗ್ರಾಂ ತೂಗಿದರೆ 10 ಮಿಲಿಮೋಲಾರ್ ಸ್ಟಾಕ್ (ತೆಳು ಮಾಡಿ ಬಳಸುವ ಮೂಲ ದ್ರಾವಣ). ಬಾಟಲಿಯ ಮೇಲೆ ಯಾವ ಲವಣ, ಎಷ್ಟು ನೀರಿನ ಅಣು ಎಂದು ಓದಿಯೇ ತೂಗಬೇಕು. ಸ್ಟಾಕ್ ಹಳದಿಗಟ್ಟಿದ್ದರೆ ಚೆಲ್ಲಿಬಿಡಿ. ಬ್ಲ್ಯಾಂಕ್ (ಕಿಣ್ವ ಹಾಕದ ಕ್ಯೂವೆಟ್‌ನ ಓದು) ಕಳೆದರೆ ಬಣ್ಣದ ಲೆಕ್ಕ ಸರಿಹೋದೀತು, ಆದರೆ ಅದರ ಜೊತೆಗೇ ಬಿಡುಗಡೆಯಾದ ಫಾಸ್ಫೇಟ್ ದ್ರಾವಣದಲ್ಲೇ ಉಳಿದಿರುತ್ತದೆ, ಅದೇ ನಮ್ಮ ಪ್ರತಿಬಂಧಕ.

ಬಫರ್: 100 ಮಿಲಿಮೋಲಾರ್ ಟ್ರಿಸ್, ಪಿಎಚ್ 9.0, ಜೊತೆಗೆ 1 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, 20 ಮೈಕ್ರೋಮೋಲಾರ್ ಜಿಂಕ್ ಕ್ಲೋರೈಡ್. ಟ್ರಿಸ್‌ನ ಪಿಎಚ್ ಪ್ರತಿ ಡಿಗ್ರಿಗೆ ಸುಮಾರು 0.03 ಇಳಿಯುವುದರಿಂದ ಪ್ರಯೋಗ ನಡೆಸುವ ತಾಪಮಾನದಲ್ಲೇ ಸರಿಮಾಡಿಕೊಳ್ಳಿ. ಫಾಸ್ಫೇಟ್ ಬಫರ್‌ನಲ್ಲಿ ಕಿಣ್ವವನ್ನು ತೆಳು ಮಾಡಲೇಬಾರದು. ಫಾಸ್ಫೇಟ್ ಇರುವ ಡಿಟರ್ಜೆಂಟ್‌ನಲ್ಲಿ ತೊಳೆದ ಗಾಜಿನ ಸಾಮಾನೂ ಬೇಡ. ತೆಳುವಾದ ಕಿಣ್ವ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಇದೇ ಬಫರ್‌ಗೆ ಮಿ.ಲೀ.ಗೆ 1 ಮಿ.ಗ್ರಾಂನಂತೆ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಸೇರಿಸಿ ತೆಳು ಮಾಡಿ, ಮಂಜುಗಡ್ಡೆಯ ಮೇಲಿಡುತ್ತೇನೆ.

ಪ್ರತಿ ಕ್ಯೂವೆಟ್‌ನಲ್ಲಿ ಒಟ್ಟು ದ್ರಾವಣ 1 ಮಿ.ಲೀ.; ಸಬ್‌ಸ್ಟ್ರೇಟ್ ಸಾಂದ್ರತೆ 50, 100, 200, 500, 1000 ಮೈಕ್ರೋಮೋಲಾರ್. 50 ಮತ್ತು 100ಕ್ಕೆ ಸ್ಟಾಕನ್ನು ಹತ್ತು ಪಟ್ಟು ತೆಳು ಮಾಡಿ 50, 100 ಮೈಕ್ರೋಲೀಟರ್ ಹಾಕಿ. 5 ಮೈಕ್ರೋಲೀಟರ್ ಪೈಪೆಟ್ ಮಾಡಿದರೆ ತಪ್ಪು ಜಾಸ್ತಿ. ಬಫರ್, ಪ್ರತಿಬಂಧಕ, ಸಬ್‌ಸ್ಟ್ರೇಟ್ ಮೊದಲು, 50 ಮೈಕ್ರೋಲೀಟರ್ ಕಿಣ್ವ ಕೊನೆಗೆ. ಪ್ಯಾರಾಫಿಲ್ಮ್ ಮುಚ್ಚಿ ಎರಡು ಸಲ ತಲೆಕೆಳಗು ಮಾಡಿ, 15 ಸೆಕೆಂಡಿಗೊಮ್ಮೆ ಎರಡು ನಿಮಿಷ ಓದುತ್ತೇನೆ. 1000 ಮೈಕ್ರೋಮೋಲಾರ್‌ನಲ್ಲಿ ನಿಮಿಷಕ್ಕೆ 0.1 ಏರುವಷ್ಟು ಕಿಣ್ವ ಸಾಕು.

ಹೆಚ್ಚು ಫಲಿತಾಂಶಗಳು ಕೆಡುವುದು ಕಡಿಮೆ ಸಾಂದ್ರತೆಯ ಕ್ಯೂವೆಟ್‌ನಲ್ಲಿ. 50 ಮೈಕ್ರೋಮೋಲಾರ್ ಪೂರ್ತಿ ಒಡೆದರೂ ಸಿಗುವ ಅಬ್ಸಾರ್ಬೆನ್ಸ್ 0.9 ಅಷ್ಟೇ. ಆರಂಭಿಕ ವೇಗಕ್ಕೆ ಮೊದಲ ಶೇ. 10 ಮಾತ್ರ ನಂಬಬೇಕೆಂದರೆ ಏರಿಕೆ 0.09 ದಾಟುವ ಮೊದಲಿನ ಓದುಗಳನ್ನಷ್ಟೇ ತೆಗೆದುಕೊಳ್ಳಬೇಕು. ಅದರಾಚೆ ಗೆರೆ ಬಾಗುತ್ತದೆ: ಸಬ್‌ಸ್ಟ್ರೇಟ್ ತೀರುತ್ತಿರುತ್ತದೆ, ಹುಟ್ಟಿದ ಫಾಸ್ಫೇಟ್ ಕಿಣ್ವವನ್ನು ಹಿಡಿಯುತ್ತಿರುತ್ತದೆ. 1913ರಲ್ಲಿ ಮಿಖಾಯೆಲಿಸ್ ಮತ್ತು ಮೆಂಟೆನ್ ಇನ್ವರ್ಟೇಸ್ ಎಂಬ ಸಕ್ಕರೆ ಒಡೆಯುವ ಕಿಣ್ವದ ಮೇಲೆ ಕೆಲಸ ಮಾಡುವಾಗ ಆರಂಭಿಕ ವೇಗವನ್ನೇ ಹಿಡಿದುಕೊಂಡದ್ದು ಇಂಥ ತೊಡಕುಗಳಿಂದ ದೂರವಿರಲು.

ಈಗ ಪ್ರತಿಬಂಧಕ. ಫಾಸ್ಫೇಟ್ ಕೂರುವುದು ಸಕ್ರಿಯ ತಾಣದ ಜಿಂಕ್ ಅಯಾನುಗಳ ಬಳಿ, ಸಬ್‌ಸ್ಟ್ರೇಟ್ ಬಂದು ಕೂರಬೇಕಾದ ಜಾಗದಲ್ಲೇ. ಫಿನೈಲ್‌ಅಲನಿನ್‌ಗೆ ಖಾಲಿ ಕಿಣ್ವ ಬೇಡ. ಸಬ್‌ಸ್ಟ್ರೇಟ್ ಬಂದು ಕೆಲಸ ಶುರುವಾದ ಮೇಲಷ್ಟೇ ಅದು ಅಂಟಿಕೊಳ್ಳುತ್ತದೆ. ಪ್ರತಿಬಂಧಕದ ಸಾಂದ್ರತೆ ಅದರ ಕೆಐಗೆ (ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದು ಹೇಳುವ ಸಾಂದ್ರತೆ; ಕಡಿಮೆಯಿದ್ದಷ್ಟೂ ಬಿಗಿ) ಸಮ ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿ. ಸಬ್‌ಸ್ಟ್ರೇಟ್ ಕೆಎಂನ (ವೇಗ ಗರಿಷ್ಠದ ಅರ್ಧ ತಲುಪುವ ಸಬ್‌ಸ್ಟ್ರೇಟ್ ಸಾಂದ್ರತೆ) ಹತ್ತನೇ ಒಂದರಷ್ಟಿದ್ದರೆ ಸ್ಪರ್ಧಾತ್ಮಕ ತಡೆ ಶೇ. 48, ಅನ್‌ಕಾಂಪಿಟಿಟಿವ್ ತಡೆ ಶೇ. 8. ಕೆಎಂನ ಹತ್ತು ಪಟ್ಟಿದ್ದರೆ ಸರಿಯಾಗಿ ಅದಲುಬದಲು. ಸಬ್‌ಸ್ಟ್ರೇಟ್ ಕೆಎಂಗೆ ಸಮವಾಗಿದ್ದರೆ ಎರಡೂ ಶೇ. 33! ಅದಕ್ಕೇ ಸಬ್‌ಸ್ಟ್ರೇಟ್ ಸಾಂದ್ರತೆ ಬರೆಯದ "ಶೇಕಡಾ ಇಷ್ಟು ತಡೆ" ಎಂಬ ಸಂಖ್ಯೆಗೆ ನಾನು ಬೆಲೆ ಕೊಡುವುದಿಲ್ಲ.

ಹೀಗಾಗಿ ಪ್ರಮಾಣ ಆರಿಸುವಾಗ ಫಾಸ್ಫೇಟನ್ನು ಕನಿಷ್ಠ ಸಬ್‌ಸ್ಟ್ರೇಟ್ ಇರುವ ಕ್ಯೂವೆಟ್‌ನಲ್ಲೂ ಫಿನೈಲ್‌ಅಲನಿನ್ ಅನ್ನು ಗರಿಷ್ಠ ಸಬ್‌ಸ್ಟ್ರೇಟ್ ಇರುವಲ್ಲೂ ಪರೀಕ್ಷಿಸಿ, ವೇಗ ಹತ್ತಿರಹತ್ತಿರ ಅರ್ಧಕ್ಕಿಳಿಯುವ ಪ್ರಮಾಣ ಹಿಡಿಯಿರಿ. ಫಾಸ್ಫೇಟ್ 100 ಮೈಕ್ರೋಮೋಲಾರ್‌ನಿಂದ, ಫಿನೈಲ್‌ಅಲನಿನ್ 5 ಮಿಲಿಮೋಲಾರ್‌ನಿಂದ ಶುರು ಮಾಡಬಹುದು. ಎರಡನೆಯದಕ್ಕೆ 82.6 ಮಿ.ಗ್ರಾಂ ಅನ್ನು 10 ಮಿ.ಲೀ. ಬಫರ್‌ನಲ್ಲಿ ಕರಗಿಸಿ, ಪಿಎಚ್ ಮತ್ತೆ 9.0ಕ್ಕೆ ತಂದು, ಕ್ಯೂವೆಟ್‌ಗೆ 100 ಮೈಕ್ರೋಲೀಟರ್. ಅಷ್ಟೇ ಪ್ರಮಾಣದ ಡಿ-ಫಿನೈಲ್‌ಅಲನಿನ್ (ಎಲ್ ರೂಪದ ಕನ್ನಡಿ ಬಿಂಬ) ಇಟ್ಟು ಇನ್ನೊಂದು ಕ್ಯೂವೆಟ್ ನಡೆಸಿ. ಅದರಲ್ಲಿ ವೇಗ ಇಳಿಯಬಾರದು. ಇಳಿದರೆ ಪಿಎಚ್ ಮತ್ತೊಮ್ಮೆ ನೋಡಿ.

ಲೈನ್‌ವೀವರ್-ಬರ್ಕ್ ನಕ್ಷೆ (1/ಸಬ್‌ಸ್ಟ್ರೇಟ್ ಎದುರು 1/ವೇಗ) ಕಣ್ಣಿಗೆ ತೋರಿಸಲು ಒಳ್ಳೆಯದು: ಫಾಸ್ಫೇಟ್ ಗೆರೆಗಳು ಲಂಬ ಅಕ್ಷದ ಮೇಲೆ ಕೂಡುತ್ತವೆ, ಫಿನೈಲ್‌ಅಲನಿನ್ ಗೆರೆಗಳು ಸಮಾನಾಂತರ. ಆದರೆ ಕೆಎಂ, ಕೆಐ ತೆಗೆಯಲು ಅದು ಬೇಡ. ವಿಲೋಮ ಮಾಡಿದಾಗ 50 ಮೈಕ್ರೋಮೋಲಾರ್‌ನ ಸಣ್ಣ ತಪ್ಪೇ ಇಡೀ ಗೆರೆಯನ್ನು ಎಳೆದುಬಿಡುತ್ತದೆ. ವೇಗದ ಮೂಲ ಅಂಕಿಗಳನ್ನೇ ಸ್ಪ್ರೆಡ್‌ಶೀಟ್‌ನ ಸಾಲ್ವರ್‌ಗೆ ಕೊಟ್ಟು ಸಮೀಕರಣ ಹೊಂದಿಸುತ್ತೇನೆ.

ಲೋಹದ ಅಯಾನುಗಳನ್ನು ಹಿಡಿದುಕೊಳ್ಳುವ ಇಡಿಟಿಎಯನ್ನು ಈ ಎರಡರ ಸಾಲಿಗೆ ಸೇರಿಸಬೇಡಿ. ಅದು ಜಿಂಕನ್ನೇ ಕಿತ್ತುಕೊಂಡು ಹೋಗುತ್ತದೆ, ತಡೆ ಹೊತ್ತು ಕಳೆದಂತೆ ಏರುತ್ತದೆ. ಅದಕ್ಕೆ ಕೆಐ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ.